ಜುಲೈ ಒಂದನೇ ತಾರೀಖಿನ ಮಕ್ಕಳು

ಇನ್ನೂ ಕತ್ತಲಿರುವಾಗ ತುಮಕೂರು ಬಿಟ್ಟ ಟಪಾಲು ಮೋಟಾರು ಮಧುಗಿರಿ ಮುಟ್ಟುವ ಹೊತ್ತಿಗೆ ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ಬಿದ್ದಿದೆ. ಪೇಟೆ ಇನ್ನೂ ಬಂಡೆಯ ನೆರಳಿನಲ್ಲಿದೆ. ಯುದ್ಧ ಶುರುವಾದ ಮೇಲೆ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಮೋಟಾರು ಕೆಮ್ಮುತ್ತ ಬಂದು ನಿಲ್ಲುತ್ತದೆ. ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದ ಐವತ್ಮೂರು ವರ್ಷದ ಶಂಕರಲಿಂಗಪ್ಪನವರು ಪಂಚೆಯ ಧೂಳು ಕೊಡವಿ ಏಳುತ್ತಾರೆ. ಹೆಗಲಿಗೆ ಬಟ್ಟೆಯ ಚೀಲ, ಕಿವಿಯ ಸಂದಿನಲ್ಲಿ ಸೀಸದ ಕಡ್ಡಿ. ಅವರು ಇಲ್ಲಿನ ಹೈಸ್ಕೂಲಿನ ಎರಡನೇ ಗುಮಾಸ್ತರು. ಇದು ಶುಕ್ರವಾರ, ಗೆಜೆಟ್ಟು ಬರುವ ದಿನ.

"ಏನ್ ಸ್ವಾಮಿ, ಇವತ್ತು ಎಷ್ಟು ಜನಕ್ಕೆ ದಿವಾನಗಿರಿ ಹಂಚ್ತೀರಿ?" ಎಂದು ಕಂಡಕ್ಟರ್ ಕೆಂಪಯ್ಯ ಟಪಾಲಿನ ಚೀಲ ಇಳಿಸುತ್ತ ಕೇಳುತ್ತಾನೆ.

"ದಿವಾನಗಿರಿ ಖಾಲಿ ಇಲ್ಲ ಕಣಯ್ಯ. ಕಂಡಕ್ಟರ್ ಕೆಲಸ ಖಾಲಿ ಇದ್ರೆ ಹೇಳು, ಇಪ್ಪತ್ತು ಜನ ಪಾಸಾದೋರು ನಿಂತವ್ರೆ."

ಕೆಂಪಯ್ಯ ನಗುತ್ತಾನೆ. ಶಂಕರಲಿಂಗಪ್ಪನವರು ಅವನ ಹಿಂದೆಯೇ ಅಂಚೆ ಕಛೇರಿಗೆ ಹೋಗಿ, ಚೀಲ ಬಿಚ್ಚುವವರೆಗೆ ಕಾದು, ಶಾಲೆಯ ಹೆಸರಿಗೆ ಬಂದ ಗೆಜೆಟ್ಟನ್ನು ಸಹಿ ಮಾಡಿ ತೆಗೆದುಕೊಳ್ಳುತ್ತಾರೆ. ಜಗಲಿಯ ಮೇಲೆ ಕೂತು ಓದುತ್ತಾರೆ. ಮೊದಲ ಪುಟದಿಂದಲ್ಲ, ಹಿಂದಿನಿಂದ. ಕೆಲಸ ಖಾಲಿ ಇರುವ ಪ್ರಕಟಣೆಗಳೆಲ್ಲ ಹಿಂಭಾಗದಲ್ಲಿರುತ್ತವೆ. ಈ ವಾರ ಮೂವತ್ತೊಂದು ಇವೆ. ಬಿ.ಎ. ಕೇಳುವವುಗಳನ್ನು ಬಿಟ್ಟರೆ ಹನ್ನೆರಡು ಉಳಿಯುತ್ತವೆ, ಅನುಭವ ಕೇಳುವವುಗಳನ್ನು ಬಿಟ್ಟರೆ ಐದು. ಆ ಐದರಲ್ಲಿ ಒಂದಕ್ಕೆ ಅರ್ಜಿ ಸೇರಬೇಕಾದ ಗಡುವು ನಿನ್ನೆಗೇ ಮುಗಿದಿದೆ. ನಾಲ್ಕನ್ನು ಅವರು ಹಳೆಯ ಪರೀಕ್ಷೆಯ ಕಾಗದಗಳ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ.

ಶಾಲೆಯ ಹಿಂಬದಿಯ ಗೋಡೆಗೆ ಒಂದು ಹಲಗೆಯಿದೆ. ಗಂಟೆ ಹೊಡೆಯುವ ಮೊದಲೇ ಹುಣಸೆ ಬೀಜದ ಅಂಟಿನಿಂದ ಆ ನಾಲ್ಕು ಕಾಗದಗಳು ಅದರ ಮೇಲೇರುತ್ತವೆ. ಹುಡುಗರು ಅದಕ್ಕೆ ಹಣೆಬರಹದ ಹಲಗೆ ಎಂದು ಹೆಸರಿಟ್ಟಿದ್ದಾರೆ. ಓದಿ ಮುಗಿಸಿದವನು ಮುಂದೇನು ಮಾಡಬೇಕೆಂದು ಹೇಳುವುದು ಈ ಸಂಸ್ಥಾನದಲ್ಲಿ ಯಾರ ಕೆಲಸವೂ ಅಲ್ಲ. ಮೇಷ್ಟರ ಕೆಲಸ ಪರೀಕ್ಷೆಗೆ ಮುಗಿಯುತ್ತದೆ, ತಂದೆಯರಿಗೆ ಪ್ರಕಟಣೆಯ ಇಂಗ್ಲಿಷು ಬಾರದು. ಅದಕ್ಕೇ ಶಿರಾ, ಕೊರಟಗೆರೆ, ಪಾವಗಡಗಳಿಂದಲೂ ಹುಡುಗರು ಈ ಗುಮಾಸ್ತರ ಬಳಿಗೆ ಬರುತ್ತಾರೆ.

ಇವತ್ತು ಕೊರಟಗೆರೆಯ ಅಡವಯ್ಯ ಬಂದಿದ್ದಾನೆ, ಎಸ್.ಎಸ್.ಎಲ್.ಸಿ. ಪಾಸಾಗಿ ಒಂದು ತಿಂಗಳಾದವನು. ನಾಗಲಮಡಿಕೆಯಿಂದ ಓಬಯ್ಯನೆಂಬ ರೈತ ಮಗನನ್ನು ಕರೆದುಕೊಂಡು ಬಂದಿದ್ದಾನೆ. ಅಡವಯ್ಯನಿಗೆ ರೈಲ್ವೆ ಬೇಕು. ಶಂಕರಲಿಂಗಪ್ಪನವರು ಚೀಲದಿಂದ ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ತೆಗೆದು ಮೇಜಿನ ಮೇಲೆ ಹರಡುತ್ತಾರೆ.

"ಹಸಿರು ಅನ್ನೋದನ್ನೆಲ್ಲ ಒಂದು ಕಡೆ ಇಡು."

ಅಡವಯ್ಯ ಇಡುತ್ತಾನೆ. ಹಸಿರಿನ ಗುಂಪಿನಲ್ಲಿ ಎರಡು ಕೆಂಪು ಎಳೆಗಳಿವೆ. ಅವರು ಎಳೆಗಳನ್ನು ಕಲಸಿ ಇನ್ನೊಮ್ಮೆ ಇಡಿಸುತ್ತಾರೆ. ಮತ್ತೆ ಅದೇ.

"ರೈಲ್ವೆ ಬಿಡು ಮಗು. ದೀಪದ ಬಣ್ಣ ನಿನಗೆ ತಿಳಿಯಲ್ಲ. ಅದು ನಿನ್ನ ತಪ್ಪಲ್ಲ, ಹುಟ್ಟಿನಿಂದ ಬಂದಿರೋದು. ಬೆಂಗಳೂರಿಗೆ ಹೋಗಿ ಅವರ ಡಾಕ್ಟರ ಬಾಯಲ್ಲಿ ಕೇಳೋದನ್ನ ಇಲ್ಲೇ ಕೇಳಿದೆ ಅಂದ್ಕೊ."

ಓಬಯ್ಯನಿಗೆ ಇಷ್ಟೆಲ್ಲ ಬೇಕಿಲ್ಲ, ಮಗನಿಗೆ ಏನಾದರೊಂದು ಕೆಲಸವಿದೆಯೇ ಎಂದು ತೆಲುಗು ಬೆರೆತ ಮಾತಿನಲ್ಲಿ ಕೇಳುತ್ತಾನೆ. "ಏಮ್ ಸಾಮಿ, ಮಾವಾಡಿಗೆ ಏದನ್ನಾ ಐತಾ? ಗುಮಾಸ್ತೆ ಆದ್ರೆ ಸಾಕು, ನೆಳ್ಳಾಗೆ ಕುಂತ್ಕಂಡು ತಿಂತಾನೆ."

"ನೆರಳಲ್ಲಿ ಕೂರೋಕೆ ನನ್ನ ಮುಂದೆ ಆಗಲೇ ಆರುನೂರು ಜನ ಸಾಲಾಗಿ ನಿಂತವ್ರೆ ಓಬಯ್ಯ," ಎನ್ನುತ್ತಾರೆ ಶಂಕರಲಿಂಗಪ್ಪನವರು. ಇದು ಮಾತಿಗೆ ಹೇಳಿದ ಸಂಖ್ಯೆಯಲ್ಲ. ಹನ್ನೊಂದು ವರ್ಷಗಳಲ್ಲಿ ಅವರು ಅರ್ಜಿ ಬರೆದುಕೊಟ್ಟ ಹುಡುಗರು ಆರುನೂರ ನಲವತ್ತು. ಒಬ್ಬೊಬ್ಬನಿಗೂ ಒಂದು ಚೀಟಿ ಇದೆ. ಕೆಲಸ ಸಿಕ್ಕಿತೆಂದು ಅವರಿಗೆ ಗೊತ್ತಿರುವವರು ಐವತ್ತೆಂಟು. ಅವರಲ್ಲಿ ಮೂವತ್ತು ಜನ ಹಳ್ಳಿ ಮೇಷ್ಟರು.

"ದಾರಿ ತೋರಿಸೋಕೆ ನನಗೇನು ಗೊತ್ತು ಸ್ವಾಮಿ? ನಾನು ಬೆಂಗಳೂರು ನೋಡಿರೋದು ಎರಡು ಸಲ," ಎನ್ನುತ್ತಾರೆ, ಬಂದವರೆಲ್ಲ ಹೋದ ಮೇಲೆ, ಬರೆದುಕೊಳ್ಳಲು ಬಂದಿರುವ ನನ್ನ ಕಡೆ ತಿರುಗಿ. "ಯಾವ ಬಾಗಿಲು ಯಾವ ಹುಡುಗನಿಗೆ ಮುಚ್ಚಿದೆ ಅಂತ ಮೊದಲೇ ಹೇಳ್ತೀನಿ. ಅಲೆದಾಟ ತಪ್ತದೆ. ಅಷ್ಟೇ ನನ್ನ ಕೈಲಾಗೋದು."

ಒಂದು ಬಾಗಿಲನ್ನು ಅವರೇ ಮುಚ್ಚಿದ್ದರು. ಅದನ್ನು ಹೇಳುವ ಮೊದಲು ಅವರು ಎದ್ದು ಹೋಗಿ ಕೊಠಡಿಯ ಕದ ಹಾಕಿಕೊಂಡು ಬರುತ್ತಾರೆ.

ಹೈಸ್ಕೂಲಿಗೆ ಬರುವ ಮೊದಲು ಶಂಕರಲಿಂಗಪ್ಪನವರು ಒಂಬತ್ತು ವರ್ಷ ಹಳ್ಳಿ ಮೇಷ್ಟರಾಗಿದ್ದರು. ಮಿಡಿಗೇಶಿಯ ಕೋಟೆ ಕಾಣುವಷ್ಟು ದೂರದಲ್ಲಿ ಕುರಿ ಸಾಕುವವರ ಒಂದು ಹಟ್ಟಿ. (ಹಟ್ಟಿಯ ಹೆಸರು ಬರೆಯಬಾರದೆಂದು ಅವರ ಕೋರಿಕೆ. ಕಾರಣ ಮುಂದೆ ತಿಳಿಯುತ್ತದೆ.) ಒಂದೇ ಕೋಣೆ, ಒಬ್ಬರೇ ಮೇಷ್ಟರು. ಏಳು ವರ್ಷ ತುಂಬಿದ ಇಪ್ಪತ್ತು ಮಕ್ಕಳು ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಶಾಲೆ ಮುಚ್ಚುವುದಾಗಿ ಮೇಲಿನಿಂದ ಪ್ರತಿ ವರ್ಷ ಎಚ್ಚರಿಕೆ ಬರುತ್ತಿತ್ತು. ಹಟ್ಟಿಯಲ್ಲಿ ಏಳು ತುಂಬಿದವರೆಲ್ಲ ಮರಿಗಳ ಹಿಂದೆ ಅಡವಿಯಲ್ಲಿರುತ್ತಿದ್ದರು. ಶಾಲೆಗೆ ಸಿಗುತ್ತಿದ್ದವರು ನಾಲ್ಕು, ಐದು ವರ್ಷದ ಕೂಸುಗಳು.

ಮಗುವಿನ ವಯಸ್ಸು ತಿಳಿಯಲು ಆಗ ಇದ್ದ ಪದ್ಧತಿ ಎಲ್ಲರಿಗೂ ಗೊತ್ತು. ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಬಂದ ವಯಸ್ಸು. ಯೋಚಿಸಿದರೆ ಅದು ಅಳೆಯುವುದು ತಲೆಯ ಸುತ್ತಳತೆಗೂ ತೋಳಿನ ಉದ್ದಕ್ಕೂ ಇರುವ ಪ್ರಮಾಣವನ್ನು. ಹುಟ್ಟಿ ಎಷ್ಟು ದಿನವಾಯಿತೆಂಬುದು ಅದರಲ್ಲಿ ಎಲ್ಲೂ ಇಲ್ಲ. ಹಟ್ಟಿಯ ಮಕ್ಕಳು ಉದ್ದ ತೋಳಿನವರು. ತೋಳು ಸಾಲದಿದ್ದರೆ ಮೇಷ್ಟರು ಮೆಲ್ಲಗೆ ಕತ್ತು ವಾಲಿಸುತ್ತಿದ್ದರು. ಬೆರಳು ಕಿವಿಗೆ ತಾಗುತ್ತಿತ್ತು. ಹೊಸ ತರಗತಿಯ ಹಾಜರಿಯನ್ನು ಮೇಲಿನವರು ಎಣಿಸುತ್ತಿದ್ದುದು ಜುಲೈ ಮೊದಲ ದಿನ. ಆ ದಿನಕ್ಕೆ ಸರಿಯಾಗಿ ಏಳು ತುಂಬುವಂತೆ ಅವರು ವರ್ಷ ಹಾಕಿಬಿಡುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ನೂರ ನಲವತ್ಮೂರು ಮಕ್ಕಳು, ಎಲ್ಲರೂ ಜುಲೈ ಒಂದನೇ ತಾರೀಖು ಹುಟ್ಟಿದವರು.

"ಶಾಲೆ ಉಳೀಲಿ ಅಂತ ಮಾಡಿದೆ. ಉಳೀತು ಕೂಡ," ಎನ್ನುತ್ತಾರೆ. "ಆ ಕಾಲಕ್ಕೆ ಅದೊಂದು ಸಂಖ್ಯೆ. ಸಂಖ್ಯೆ ಬೆಳೆದು ದೊಡ್ಡೋನಾಗಿ ನನ್ನ ಮುಂದೆ ಬಂದು ನಿಲ್ತಾನೆ ಅಂತ ಯಾರು ಎಣಿಸಿದ್ರು?"

ಬಂದು ನಿಂತವನು ಯತ್ತಪ್ಪ. ಹೋದ ವರ್ಷ, 1941ರ ಜೂನ್ ತಿಂಗಳು. ಹಟ್ಟಿಯಿಂದ ಹೈಸ್ಕೂಲು ಮುಗಿಸಿದ ಮೂರನೆಯ ಹುಡುಗ. ಮೋಟಾರು ಕೆಟ್ಟಾಗಲೆಲ್ಲ ಕೆಂಪಯ್ಯ ಅವನನ್ನು ಕೂಗಿ ಕರೆಯುತ್ತಿದ್ದ. "ಇಂಜಿನ್ ಸದ್ದು ಕೇಳೇ ಯಾವ ಬೋಲ್ಟು ಸಡ್ಲ ಆಗೈತೆ ಅಂತಿದ್ದ ಸ್ವಾಮಿ. ಕುರಿ ಕೆಮ್ಮಿದ್ರೆ ಗೊತ್ತಾಗಲ್ವೇ, ಇದೂ ಅಂಗೇ ಅಂತಿದ್ದ," ಎಂದು ಕೆಂಪಯ್ಯ ಈಗಲೂ ನೆನೆಯುತ್ತಾನೆ. ಆ ತಿಂಗಳ ಗೆಜೆಟ್ಟಿನಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಗೆ ಫಿಟ್ಟರ್ ಅಪ್ರೆಂಟಿಸರನ್ನು ಕರೆದಿದ್ದರು. ಹನ್ನೊಂದು ವರ್ಷದಲ್ಲಿ ಒಬ್ಬ ಹುಡುಗನಿಗೂ ಒಂದು ಕೆಲಸಕ್ಕೂ ಇಷ್ಟು ಚೆನ್ನಾಗಿ ಹೊಂದಿದ್ದನ್ನು ತಾವು ಕಂಡಿರಲಿಲ್ಲ ಎನ್ನುತ್ತಾರೆ ಶಂಕರಲಿಂಗಪ್ಪನವರು. ಅವನನ್ನು ಎದುರಿಗೆ ಕೂರಿಸಿಕೊಂಡು ಅರ್ಜಿ ತುಂಬಿಸಿದರು.

ಷರತ್ತು ಹೀಗಿತ್ತು: ಜುಲೈ ಒಂದಕ್ಕೆ ಹದಿನೆಂಟು ವರ್ಷ ತುಂಬಿರಬಾರದು. ಸರ್ಟಿಫಿಕೇಟಿನಲ್ಲಿ ಯತ್ತಪ್ಪ ಹುಟ್ಟಿದ್ದು 1923ರ ಜುಲೈ ಒಂದು.

"ಲೇ, ಒಂದು ದಿನ ಜಾಸ್ತಿಯಾಗೋಯ್ತಲ್ಲೋ," ಎಂದರು ಇವರು.

"ನಮ್ಮವ್ವ ನಾನು ಅಷ್ಟು ದೊಡ್ಡೋನಲ್ಲ ಅಂತಾಳೆ ಸಾರ್. ಅವ್ಳಿಗೇನು ಗೊತ್ತು ಅಂತ ನಾನೇ ಬಾಯಿ ಮುಚ್ಚಿಸ್ತಿದ್ದೆ."

ಹಳೆಯ ಶಾಲೆಯ ಪುಸ್ತಕ ತರಿಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ತರಿಸಿದರು. ಅಕ್ಷರ ಅವರದೇ. 1930ರ ಜೂನಿನಲ್ಲಿ ಸೇರಿಸಿಕೊಂಡದ್ದು. ಎರಡನೇ ತಾರೀಖು ಎಂದು ಬರೆದಿದ್ದರೂ ಸಾಕಿತ್ತು.

ಮುಂದಿನ ಭಾನುವಾರ ಅವರು ಮಿಡಿಗೇಶಿಗೆ ಮೋಟಾರಿನಲ್ಲಿ ಹೋಗಿ, ಅಲ್ಲಿಂದ ನಡೆದು ಹಟ್ಟಿ ಸೇರಿದರು. ಹನ್ನೊಂದು ವರ್ಷ ತಡವಾಗಿ ಯತ್ತಪ್ಪನ ತಾಯಿ ಕ್ಯಾತಮ್ಮನನ್ನು ಕೇಳಿದರು: ಮಗ ಹುಟ್ಟಿದ್ದು ಯಾವಾಗ?

ಕಂಬಳಿ ನೂಲು ತೆಗೆಯುತ್ತಿದ್ದ ಆಕೆ ಕೈ ನಿಲ್ಲಿಸದೆ ಹೇಳಿದಳು. "ನೀವು ಸ್ಕೂಲಿಗೆ ಹೆಂಚು ಹೊದ್ಸಿದ್ರಲ್ಲ, ಆ ವರ್ಷ. ಮಾರ್ಲಾಮಿ ಹಬ್ಬ ಕಳ್ದು ಎಂಟನೇ ದಿನ. ಹಳ್ಳ ತುಂಬಿ ನನ್ನ ಗುಡ್ಲಿಗೆ ಮೂರ್ದಿನ ಅಂಬಲಿ ತರೋರೇ ಇರ್ನಿಲ್ಲ. ಮರೀತದಾ ಅದು?"

ಹೆಂಚು ಹೊದಿಸಿದ್ದು 1925ರಲ್ಲಿ. ಅಂದರೆ ಯತ್ತಪ್ಪನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ.

"ಆವತ್ತೇ ಯಾಕಮ್ಮ ಹೇಳಲಿಲ್ಲ?"

"ನೀವು ಕೇಳ್ನಿಲ್ವಲ್ಲ ಅಯ್ಯ. ಕೈ ನೋಡಿ ಬರ್ಕಂಡ್ರಿ. ಓದ್ದೋರು, ಕೈ ನೋಡಿದ್ರೆ ತಿಳೀತದೇನೋ ಅಂದ್ಕಂಡೆ."

ತಾಯಿಯ ನೆನಪು ಸರ್ಕಾರಕ್ಕೆ ಸಾಕ್ಷಿಯಲ್ಲ. ಊರಿನ ಪಟೇಲರು ಬರೆದಿಡುವ ಹುಟ್ಟು-ಸಾವಿನ ಪುಸ್ತಕ ಬೇಕು. ಹಟ್ಟಿಯ ಕಟ್ಟಳೆಯಲ್ಲಿ ಹೆರಿಗೆ ಹಟ್ಟಿಯ ಒಳಗೆ ಆಗುವಂತಿಲ್ಲ. ಬಾಣಂತಿಗೆ ಹಳ್ಳದಾಚೆ ಗುಡಿಸಲು ಹಾಕುತ್ತಾರೆ. ಹಳ್ಳದಾಚೆಯ ನೆಲ ಇನ್ನೊಂದು ಊರಿನ ಗಡಿ. ಆದ್ದರಿಂದ ಈ ಊರಿನ ಪುಸ್ತಕದಲ್ಲಿ ಹಟ್ಟಿಯ ಮಕ್ಕಳು ಹುಟ್ಟಿಯೇ ಇಲ್ಲ. ಶಂಕರಲಿಂಗಪ್ಪನವರು ಹಳ್ಳ ದಾಟಿ ಆಚೆಯ ಪಟೇಲ ಮಹಾಲಿಂಗಯ್ಯನವರಲ್ಲಿಗೆ ಹೋದರು. ಪುಸ್ತಕ ಸಿಕ್ಕಿತು, ಆ ವರ್ಷದ ಪುಟವೂ ಸಿಕ್ಕಿತು. ಗೆದ್ದಲು ಅಂಚನ್ನಷ್ಟೇ ತಿಂದಿತ್ತು. 'ಗಂಡು. ತಾಯಿ ಕ್ಯಾತಮ್ಮ, ಹಟ್ಟಿಯವಳು.' ಆ ಸಾಲು ಕಂಡಾಗ ತಾವು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡದ್ದಾಗಿ ಹೇಳುತ್ತಾರೆ.

ಪಟೇಲರು ಕೆಳಗೆ ಬೆರಳಿಟ್ಟು ತೋರಿಸಿದರು. ಎರಡು ತಿಂಗಳ ಮುಂದೆ ಇನ್ನೊಂದು ಸಾಲು: 'ಗಂಡು. ತಾಯಿ ಕ್ಯಾತಮ್ಮ, ಹಟ್ಟಿಯವಳು.' ಮುಂದಿನ ವರ್ಷ ಮತ್ತೊಂದು. ಹಟ್ಟಿಯವರು ದೇವರ ಹೆಸರು ಬಿಟ್ಟು ಬೇರೆ ಹೆಸರಿಡುವುದು ಕಡಿಮೆ. ಆಗ ಅಲ್ಲಿ ಐವರು ಕ್ಯಾತಮ್ಮಂದಿರಿದ್ದರು. ಮಗುವಿನ ಹೆಸರಿನ ಜಾಗ ಎಲ್ಲ ಕಡೆಯೂ ಖಾಲಿ, ಯಾಕೆಂದರೆ ಹೆಸರಿಡುವುದು ತಾಯಿ ಹಟ್ಟಿಗೆ ಮರಳಿದ ಮೇಲೆ.

"ನಿಮ್ಮ ಹಟ್ಟಿಗೆ ದೇವ್ರೂ ಒಬ್ನೇ, ಹೆಸ್ರೂ ಒಂದೇ. ನಾನೇನ್ ಮಾಡ್ಲಿ ಮೇಷ್ಟ್ರೇ?" ಎಂದರು ಪಟೇಲರು. ತಮಾಷೆಗೆ ಹೇಳಿದ್ದಲ್ಲ, ಬೇಜಾರಾಗಿಯೇ ಹೇಳಿದ್ದು. ಆದರೂ ನಕಲು ತೆಗೆದುಕೊಟ್ಟರು. ಆ ಸಾಲು ಇಂಥವನದೇ ಎಂದು ತಿಳಿಯುವುದಿಲ್ಲವಾದ್ದರಿಂದ ಸರ್ಟಿಫಿಕೇಟಿನ ತಾರೀಖೇ ನಿಲ್ಲುತ್ತದೆ ಎಂದು ಮೇಲಿನಿಂದ ಎಂಟು ದಿನದಲ್ಲಿ ಉತ್ತರ ಬಂತು.

ಇನ್ನೊಂದು ದಾರಿಯಿತ್ತು. ಶಂಕರಲಿಂಗಪ್ಪನವರು ಅರ್ಧ ಹಾಳೆಯಲ್ಲಿ ಬರೆದರು: 'ಈ ತಾರೀಖನ್ನು ತಾಯಿಯನ್ನು ಕೇಳದೆ, ಹಾಜರಿಯ ಸಂಖ್ಯೆಗಾಗಿ, ನಾನೇ ಊಹಿಸಿ ಬರೆದಿದ್ದೇನೆ.' ಸಹಿ ಹಾಕಿ ಹೆಡ್‌ಮಾಸ್ಟರ ಮುಂದಿಟ್ಟರು. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಕೆಲಸ ಹೋಗುತ್ತೆ, ಅದು ಹಾಗಿರಲಿ. ಆ ಹಟ್ಟಿಯವರು ಎಷ್ಟು ಜನ ಈ ತಾರೀಖಿಟ್ಟುಕೊಂಡು ಕೆಲಸದಲ್ಲಿದ್ದಾರೆ?"

ನಾಲ್ವರಿದ್ದರು. ಇಬ್ಬರು ಹಳ್ಳಿ ಮೇಷ್ಟರು, ಒಬ್ಬ ಅರಣ್ಯದ ಗಾರ್ಡು, ಒಬ್ಬ ಅಂಚೆಯವನು. ಸೇರುವಾಗ ಹದಿನೆಂಟು ತುಂಬಿರಬೇಕಾಗಿದ್ದ ಕೆಲಸಗಳು. ನಿಜವಾಗಿ ಯಾರಿಗೂ ತುಂಬಿರಲಿಲ್ಲ.

"ಈ ಕಾಗದ ಹೋದರೆ ಅವರೆಲ್ಲರನ್ನೂ ಕರೆದು ಕೇಳ್ತಾರೆ. ಒಬ್ಬನಿಗಾಗಿ ನಾಲ್ಕು ಮನೆ. ನೀವೇ ನಿರ್ಧಾರ ಮಾಡಿ. ನಾನು ನೋಡಿಲ್ಲ ಅಂದುಕೊಳ್ತೀನಿ."

ಅವರು ಎರಡು ದಿನ ಯೋಚಿಸಿದರು. ಎರಡನೆಯ ದಿನ ಸಂಜೆ ಅರ್ಜಿಯ ಗಡುವು ಮುಗಿಯಿತು. ನಿರ್ಧಾರ ತಾವು ಮಾಡಿದ್ದೋ, ಗಡುವೇ ಮಾಡಿದ್ದೋ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆ ಅರ್ಧ ಹಾಳೆ ಮನೆಯ ಟ್ರಂಕಿನಲ್ಲಿದೆ. "ಊಟಕ್ಕೆ ಕೂತ್ರೂ ಬೆರಳಲ್ಲಿ ವರ್ಷ ಎಣಿಸ್ತಾರೆ," ಎನ್ನುತ್ತಾರೆ ಅವರ ಹೆಂಡತಿ ಶಿವರುದ್ರಮ್ಮ. "ಯಾರ ವರ್ಷ ಅಂದ್ರೆ ಹೇಳಲ್ಲ. ನನಗೆ ಗೊತ್ತಿಲ್ವೇ?"

ಯತ್ತಪ್ಪ ಆಗಸ್ಟಿನಲ್ಲಿ ಮತ್ತೆ ಬಂದ. ತುಮಕೂರಿನಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳುವವರು ಬಿಡಾರ ಹೂಡಿದ್ದರು. ಮೋಟಾರು ಲಾರಿಗಳ ಕೆಲಸ ಬಲ್ಲವರು ಬೇಕು, ಹದಿನೆಂಟು ತುಂಬಿರಬೇಕು.

"ಅಲ್ಲಿ ಒಂದಿನ ಜಾಸ್ತಿಯಾಯ್ತು, ಇಲ್ಲಿ ಸರೀಗೈತೆ ಸಾರ್," ಎಂದು ಅವನು ನಕ್ಕನಂತೆ.

ಬೇಡ ಎಂದರು ಇವರು. ನಿನಗಿನ್ನೂ ಹದಿನಾರಾಗಿಲ್ಲ, ಒಂದು ವರ್ಷ ತಾಳು, ಬೇರೆ ಏನಾದರೂ ಬರುತ್ತದೆ ಎಂದರು. "ಏನು ಬರ್ತದೆ ಹೇಳಿ ಸಾರ್?" ಎಂದು ಹುಡುಗ ಹಲಗೆಯ ಕಡೆ ನೋಡಿದ. ಆ ವಾರ ಅದರ ಮೇಲೆ ಒಂದೇ ಕಾಗದವಿತ್ತು, ಟೈಪು ಬರುವವರಿಗೆ. ಸೈನ್ಯದವರು ಸರ್ಟಿಫಿಕೇಟಿನ ನಕಲು ಕೇಳಿದ್ದರು. ಶಾಲೆಯಲ್ಲಿ ನಕಲು ಬರೆದುಕೊಡುವುದು ಎರಡನೇ ಗುಮಾಸ್ತರ ಕೆಲಸ. 1923, ಜುಲೈ ಒಂದು. ಎರಡನೆಯ ಬಾರಿಯೂ ಅದನ್ನು ಅವರೇ ಬರೆದರು.

ಹುಡುಗ ಜನವರಿಯಲ್ಲಿ ಹಡಗು ಹತ್ತಿದ. ಆಮೇಲೆ ಒಂದೇ ಕಾರ್ಡು ಬಂತು. ಎಲ್ಲಿಂದ ಬರೆದದ್ದೆಂಬ ಜಾಗಕ್ಕೆ ಸೆನ್ಸಾರಿನವರು ಕಪ್ಪು ಮಸಿ ಬಳಿದಿದ್ದರು. ಉಳಿದದ್ದು ಎರಡು ಸಾಲು: ಲಾರಿಗಳು ಚೆನ್ನಾಗಿವೆ, ಅವ್ವನಿಗೆ ಹೇಳಿ. ಫೆಬ್ರವರಿಯಿಂದ ಸುದ್ದಿಯಿಲ್ಲ. ಶಂಕರಲಿಂಗಪ್ಪನವರು ಬರೆದ ಐದು ಕಾಗದಗಳಿಗೆ ಬಂದಿರುವುದು ಒಂದೇ ಉತ್ತರ, ಅದೂ ಅಚ್ಚಾದದ್ದು: ಪತ್ತೆಯಿಲ್ಲ, ತಿಳಿದುಬಂದರೆ ತಿಳಿಸಲಾಗುವುದು. ಕ್ಯಾತಮ್ಮ ಏಪ್ರಿಲಿನಲ್ಲಿ ಶಾಲೆಗೆ ನಡೆದು ಬಂದಿದ್ದಳು. "ನಿಮ್ಮ ಬುಕ್ಕಿನಾಗೆ ಅವ್ನಿಗೆ ಎರಡು ವರ್ಷ ಇಳಿಸ್ಬುಡಿ ಅಯ್ಯ. ಚಿಕ್ಕೋನು ಅಂತ ಗೊತ್ತಾದ್ರೆ ವಾಪಸ್ ಕಳಿಸ್ತಾರೆ," ಎಂದು ಕೇಳಿದ್ದಳು. ಆಕೆಗೆ ಏನು ಹೇಳಿದಿರಿ ಎಂದರೆ ಅವರು ಮೇಜಿನ ಮೇಲಿನ ಉಣ್ಣೆಯ ಎಳೆಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತ ಕೂರುತ್ತಾರೆ.

ಈಗ ಜೂನ್ ತಿಂಗಳು, ಹಳ್ಳಿಯ ಶಾಲೆಗಳಿಗೆ ಮಕ್ಕಳು ಸೇರುವ ಕಾಲ. ಭಾನುವಾರಗಳಲ್ಲಿ ಶಂಕರಲಿಂಗಪ್ಪನವರು ಹಟ್ಟಿಗಳಿಗೆ ಹೋಗುತ್ತಾರೆ. ಯಾರೂ ಹೋಗೆಂದು ಹೇಳಿಲ್ಲ. ಹಳೆಯ ಶಾಲೆಯ ಸೇರ್ಪಡೆ ಪುಸ್ತಕದಲ್ಲಿ ಹೊಸ ಮೇಷ್ಟರನ್ನು ಒಪ್ಪಿಸಿ ಕೆಂಪು ಮಸಿಯಲ್ಲಿ ಒಂದು ಅಂಕಣ ಹೆಚ್ಚಿಗೆ ಎಳೆದಿದ್ದರು: 'ತಾಯಿಯ ಹೇಳಿಕೆ.' ಇನ್‌ಸ್ಪೆಕ್ಟರು ನಮೂನೆಯಲ್ಲಿ ಇಲ್ಲದ್ದೆಂದು ಅದನ್ನು ಹೊಡೆದು ಹಾಕಿದರು. ಹಾಗಾಗಿ ಈಗ ಅವರು ಅದನ್ನು ಚೀಟಿಯಲ್ಲಿ ಬರೆದು ತಾಯಂದಿರ ಕೈಗೇ ಕೊಡುತ್ತಾರೆ. ತಾಯಂದಿರು ಅದನ್ನು ಬಿತ್ತನೆ ಕಾಳಿನ ಗಡಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದೆ ಯಾವ ಕಛೇರಿಯಾದರೂ ಆ ಚೀಟಿಯನ್ನು ಒಪ್ಪುತ್ತದೆಂದು ಶಂಕರಲಿಂಗಪ್ಪನವರಿಗೆ ನಂಬಿಕೆಯಿಲ್ಲ.

"ಒಂದೇ ಆಸೆ," ಎನ್ನುತ್ತಾರೆ. "ಮಕ್ಕಳ ಕೈ ಎತ್ತಿಸಿ ನೋಡೋದನ್ನ ನಿಲ್ಲಿಸ್ಲಿ. ಪಕ್ಕದಲ್ಲೇ ನಿಂತಿರ್ತಾಳೆ ತಾಯಿ. ಕೇಳ್ಲಿ."

ಇಪ್ಪತ್ತೆಂಟನೇ ತಾರೀಖು, ಭಾನುವಾರ. ಹಟ್ಟಿಯ ಶಾಲೆಯ ಜಗಲಿಯ ಮೇಲೆ ಅವರು ಚೀಟಿ ಬರೆಯುತ್ತಿದ್ದಾರೆ. ಪಕ್ಕದಲ್ಲಿ ಕ್ಯಾತಮ್ಮ ಕೂತಿದ್ದಾಳೆ. ಯಾವ ಮಗು ಯಾವ ಮಳೆಯಲ್ಲಿ, ಯಾವ ಹಬ್ಬದ ಹಿಂದೆಮುಂದೆ ಹುಟ್ಟಿತೆಂದು ತಾಯಂದಿರು ತಡವರಿಸಿದರೆ ಆಕೆ ನೆನಪಿಸುತ್ತಾಳೆ. ಹದಿನಾಲ್ಕು ಚೀಟಿಗಳಾಗುತ್ತವೆ. ಕೊನೆಯ ತಾಯಿ ಎದ್ದು ಹೋದ ಮೇಲೆ ಆಕೆ ಕೇಳುತ್ತಾಳೆ.

"ನಮ್ಮ ಯತ್ತಪ್ಪಂಗೆ ಈಗೆಷ್ಟಾಯ್ತು ಅಯ್ಯ?"

"ಹದಿನಾರು ತುಂಬಿ ಒಂಬತ್ತನೇ ತಿಂಗಳು ಕಣಮ್ಮ."

"ಸರ್ಕಾರದ ಲೆಕ್ಕದಾಗೆ?"

ಅವರು ಸೀಸದ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. "ಇನ್ನು ಮೂರು ದಿನಕ್ಕೆ ಹತ್ತೊಂಬತ್ತು ತುಂಬ್ತದೆ."

ಕ್ಯಾತಮ್ಮ ಬಿಸಿಲಿನಲ್ಲಿ ಕಾಣುವ ಹಳ್ಳದ ಕಡೆಗೆ ನೋಡುತ್ತಾಳೆ.

"ಅಂಗಾದ್ರೆ ದೊಡ್ಡೋನಾಗವ್ನೆ," ಎನ್ನುತ್ತಾಳೆ. "ತಡ್ಕಂತಾನೆ ಬುಡಿ."